ಪಿಂಪ್ರಿ, ಭೋಸರಿ, ಹಡಪ್ಸರ್: ಗಂಟಲಿನ ಕಾವಲಿನ ಕಥೆ

ಪುಣೆಯಿಂದ ಮುಂಬೈಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಪಿಂಪ್ರಿ ಸಿಗುತ್ತದೆ. ಅಲ್ಲಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಭೋಸರಿ. ಪುಣೆ ನಗರದ ಆಚೆ ಬದಿಯಲ್ಲಿ, ಸೊಲ್ಲಾಪುರದ ರಸ್ತೆ ಹಿಡಿದರೆ ಹಡಪ್ಸರ್. ಮನುಷ್ಯನ ಗಂಟಲಿನಲ್ಲಿ ವಾಸಿಸುವ ಕಣ್ಣಿಗೆ ಕಾಣದ ಜೀವಿಗಳ ಜೊತೆ ವೈದ್ಯವಿಜ್ಞಾನ ನಡೆಸಿದ ಎಪ್ಪತ್ತು ವರ್ಷಗಳ ವ್ಯವಹಾರದ ಮೂರು ಘಟ್ಟಗಳು ಈ ಮೂರು ಊರುಗಳಲ್ಲಿ ನಿಂತಿವೆ. ಮೊದಲನೆಯದರಲ್ಲಿ ಆ ಜೀವಿಗಳನ್ನು ಕೊಲ್ಲುವ ಮದ್ದು ತಯಾರಾಯಿತು. ಎರಡನೆಯದರಲ್ಲಿ, ಅವುಗಳನ್ನು ಅಂಕೆಯಲ್ಲಿಡುವ ದೇಹದ ಕಾವಲನ್ನೇ ಕೆಡವುವ ವೈರಾಣುವಿನ ಅಧ್ಯಯನ ನಡೆಯಿತು. ಮೂರನೆಯದರಲ್ಲಿ ಆ ಕಾವಲಿಗೆ ಪಾಠ ಹೇಳಿಕೊಡುವ ಲಸಿಕೆ ತಯಾರಾಗುತ್ತಿದೆ. ಎಚ್‌ಐವಿ ಜೊತೆ ಬದುಕುತ್ತಿರುವವರ ಪಾಲಿಗೆ ಈ ಮೂರೂ ಒಂದೇ ಕಥೆಯ ಭಾಗಗಳು.

ಪಿಂಪ್ರಿಯ ಮಣ್ಣು

ಸ್ವತಂತ್ರ ಭಾರತ ಪೆನಿಸಿಲಿನ್ನಿಗಾಗಿ ಹೊರದೇಶಗಳ ಕಡೆ ನೋಡುತ್ತಿದ್ದ ಕಾಲವದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಕೇಂದ್ರ ಸರಕಾರ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿತು. ಮರುವರ್ಷ ಅಲ್ಲಿ ಪೆನಿಸಿಲಿನ್ ಉತ್ಪಾದನೆ ಶುರುವಾಯಿತು. ಗಂಟಲು ನೋವು, ನ್ಯುಮೋನಿಯಾ, ಕೀವುಗಟ್ಟಿದ ಗಾಯ ಇವೆಲ್ಲಕ್ಕೂ ಊರೂರಿನ ಡಾಕ್ಟರುಗಳ ಕೈಗೆ ದೇಶದೊಳಗೇ ತಯಾರಾದ ಮದ್ದು ಬಂತು.

ಆದರೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಮದ್ದು ಹೆಚ್ಚಿದಂತೆ ಇನ್ನೊಂದು ತೊಂದರೆ ಎದ್ದಿತು. ಬಾಯಿ, ಗಂಟಲುಗಳಲ್ಲಿ ನೂರಾರು ಬಗೆಯ ಬ್ಯಾಕ್ಟೀರಿಯಾಗಳು ಜಾಗ ಹಿಡಿದು ಕೂತಿರುತ್ತವೆ. ಅವುಗಳ ನಡುವೆ ಕ್ಯಾಂಡಿಡಾ ಎಂಬ ಶಿಲೀಂಧ್ರವೂ ಸದ್ದಿಲ್ಲದೆ ಇರುತ್ತದೆ. ಆರೋಗ್ಯವಾಗಿರುವ ಎಷ್ಟೋ ಜನರ ಬಾಯಲ್ಲಿ ಅದು ಇದ್ದೇ ಇದೆ, ಯಾರಿಗೂ ತೊಂದರೆ ಕೊಡುವುದಿಲ್ಲ. ಆಂಟಿಬಯೋಟಿಕ್ಕುಗಳು ಬ್ಯಾಕ್ಟೀರಿಯಾಗಳನ್ನು ತೆರವು ಮಾಡಿದಾಗ ಈ ಶಿಲೀಂಧ್ರಕ್ಕೆ ಬಯಲು ಸಿಕ್ಕಂತಾಗುತ್ತದೆ. ನಾಲಗೆಯ ಮೇಲೆ, ಕೆನ್ನೆಯ ಒಳಬದಿಯಲ್ಲಿ, ಅಂಗಳದಲ್ಲಿ ಮೊಸರಿನ ಕೆನೆಯಂಥ ಬಿಳಿ ಪದರ ಕಟ್ಟುತ್ತದೆ. ವೈದ್ಯರು ಅದನ್ನು ಥ್ರಶ್ ಎನ್ನುತ್ತಾರೆ. ಪೆನಿಸಿಲಿನ್ ಅದರ ಮೇಲೆ ಕೆಲಸ ಮಾಡುವುದಿಲ್ಲ.

1950ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಇಬ್ಬರು ಮಹಿಳಾ ವಿಜ್ಞಾನಿಗಳು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್, ಮಣ್ಣಿನ ಬ್ಯಾಕ್ಟೀರಿಯಾವೊಂದರಿಂದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಬೇರ್ಪಡಿಸಿದ ಸುದ್ದಿ ಪ್ರಕಟಿಸಿದ್ದರು. ಮಣ್ಣಿನೊಳಗೆ ಬ್ಯಾಕ್ಟೀರಿಯಾಗಳೂ ಶಿಲೀಂಧ್ರಗಳೂ ಜಾಗಕ್ಕಾಗಿ, ಆಹಾರಕ್ಕಾಗಿ ನಿತ್ಯ ಹೊಡೆದಾಡುತ್ತಿರುತ್ತವೆ. ಆ ಜಗಳದಲ್ಲಿ ಒಂದು ಇನ್ನೊಂದರ ಮೇಲೆ ಎರಚುವ ವಿಷವೇ ಮನುಷ್ಯನಿಗೆ ಮದ್ದಾಗಬಲ್ಲದು ಎಂಬುದು ಆ ಕಾಲದ ದೊಡ್ಡ ತಿಳಿವಳಿಕೆ. ಜಗತ್ತಿನ ಪ್ರಯೋಗಾಲಯಗಳೆಲ್ಲ ಹಿಡಿ ಹಿಡಿ ಮಣ್ಣು ತಂದು ಶೋಧಿಸತೊಡಗಿದವು.

ಪಿಂಪ್ರಿಯಲ್ಲಿ ಈ ಶೋಧದ ಮುಂದಾಳತ್ವ ವಹಿಸಿದವರು ಕನ್ನಡ ನಾಡಿನವರು. ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ ಮೈಸೂರು ಸೀಮೆಯಿಂದ ಬಂದ ಶಿಲೀಂಧ್ರ ವಿಜ್ಞಾನಿ. ಹುಟ್ಟಿದ್ದು 1914ರಲ್ಲಿ. ಬೆಳೆಗಳಿಗೆ ತಗಲುವ ತುಕ್ಕು ರೋಗ, ಕಾಡಿಗೆ ರೋಗಗಳ ಶಿಲೀಂಧ್ರಗಳನ್ನು ಗುರುತಿಸಿ ಹೆಸರಿಡುವುದರಲ್ಲಿ ಅವರು ಪಳಗಿದ್ದರು. ಬಿ. ಬಿ. ಮುಂಡ್ಕೂರರ ಜೊತೆ ಸೇರಿ ಭಾರತದ ಕಾಡಿಗೆ ಶಿಲೀಂಧ್ರಗಳ ಮೇಲೆ ಗ್ರಂಥ ಬರೆದಿದ್ದರು. ಹೊಲದ ಶಿಲೀಂಧ್ರಗಳನ್ನು ಬಲ್ಲ ಈ ಮನುಷ್ಯ ಪಿಂಪ್ರಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾದಾಗ ಅವರ ವಿದ್ಯೆ ತಲೆಕೆಳಗಾಗಿ ಉಪಯೋಗಕ್ಕೆ ಬಂತು. ಅದುವರೆಗೆ ಶಿಲೀಂಧ್ರ ಹೇಗೆ ಬೆಳೆಯುತ್ತದೆ ಎಂದು ನೋಡಿದವರು ಈಗ ಅದು ಯಾವುದಕ್ಕೆ ಸಾಯುತ್ತದೆ ಎಂದು ನೋಡಬೇಕಿತ್ತು.

ಪಿಂಪ್ರಿಯ ಮಣ್ಣಿನಲ್ಲೇ ಉತ್ತರ ಸಿಕ್ಕಿತು. ಅಲ್ಲಿಯ ಮಣ್ಣಿನಲ್ಲಿದ್ದ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾವೊಂದಕ್ಕೆ ಊರಿನ ಹೆಸರೇ ಸೇರಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಹೆಸರಾಯಿತು. ಅದರಿಂದ 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಔಷಧ ಹೊರಬಂತು. ನಿಸ್ಟಾಟಿನ್ನಿನ ಬಳಗದ್ದೇ ಆದ ಈ ಔಷಧ ಶಿಲೀಂಧ್ರದ ಕೋಶದ ಹೊರಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿಗೆ ಅಂಟಿಕೊಂಡು ಅಲ್ಲಿ ತೂತು ಬೀಳಿಸುತ್ತದೆ. ಕೋಶದ ಒಳಗಿನದು ಸೋರಿ ಹೋಗಿ ಶಿಲೀಂಧ್ರ ಸಾಯುತ್ತದೆ. ಬಾಯಿಯ ಥ್ರಶ್‌ಗೆ ಅದನ್ನು ಹಚ್ಚುವ ದ್ರವವಾಗಿ ಬಳಸಿದರು. ಬೆಳೆಗಳ ಶಿಲೀಂಧ್ರ ರೋಗಕ್ಕಾಗಿ ಅದೇ ಪ್ರಯೋಗಾಲಯದಿಂದ ಆರಿಯೋಫಂಗಿನ್ ಬಂತು.

ಪಿಂಪ್ರಿ ಕಲಿಸಿದ್ದು ಸರಳ ಪಾಠ: ಬಾಯಿ, ಗಂಟಲುಗಳಲ್ಲಿ ಏನೋ ಅತಿಯಾಗಿ ಬೆಳೆದರೆ ಅದನ್ನು ಕೊಲ್ಲುವ ಮದ್ದು ಹುಡುಕು. ಆ ಪಾಠ ತಪ್ಪಲ್ಲ, ಆದರೆ ಅರ್ಧ. ನಿತ್ಯವೂ ಬಾಯಲ್ಲೇ ಇರುವ ಶಿಲೀಂಧ್ರ ಕೋಟ್ಯಂತರ ಜನರಲ್ಲಿ ಯಾಕೆ ಅತಿಯಾಗಿ ಬೆಳೆಯುವುದಿಲ್ಲ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

ಗಂಟಲಿನ ಕಾವಲು

ಗಂಟಲು ಎಂದರೆ ದೇಹದ ಹೆಬ್ಬಾಗಿಲು. ಉಸಿರು, ಅನ್ನ, ನೀರು, ಧೂಳು ಎಲ್ಲವೂ ಅದೇ ದಾರಿಯಲ್ಲಿ ಒಳಗೆ ಬರುತ್ತವೆ. ಅಲ್ಲಿ ಗೋಡೆಯೆಂದು ಇರುವುದು ತೆಳುವಾದ, ಸದಾ ಒದ್ದೆಯಾದ ಲೋಳೆಪೊರೆ. ಅದರ ಮೇಲೆ ನಿರುಪದ್ರವಿ ಸ್ಟ್ರೆಪ್ಟೊಕಾಕಸ್‌ಗಳು ಒತ್ತೊತ್ತಾಗಿ ನೆಲೆಸಿ ಹೊಸಬರಿಗೆ ಜಾಗ ಕೊಡದಂತೆ ನೋಡಿಕೊಳ್ಳುತ್ತವೆ. ಅವುಗಳ ನಡುವೆ ಆಗಾಗ ನ್ಯುಮೋಕಾಕಸ್‌ನಂಥ ಅಪಾಯಕಾರಿಗಳೂ ಬಂದು ಕೆಲವು ವಾರ ತಂಗಿ ಹೋಗುವುದುಂಟು. ಇದು ಚಿಕ್ಕ ಮಕ್ಕಳ ಮೂಗು, ಗಂಟಲುಗಳಲ್ಲಿ ತೀರಾ ಸಾಮಾನ್ಯ.

ಈ ಗೋಡೆಯನ್ನು ಕಾಯುವವರು ಯಾರು ಎಂಬ ತಿಳಿವು ನಿಧಾನವಾಗಿ ಬಂತು. ಪೆನಿಸಿಲಿನ್ ಕಂಡುಹಿಡಿಯುವುದಕ್ಕೂ ಆರು ವರ್ಷ ಮೊದಲು, 1922ರಲ್ಲಿ, ಅಲೆಗ್ಸಾಂಡರ್ ಫ್ಲೆಮಿಂಗ್ ನೆಗಡಿಯ ಸಿಂಬಳದಲ್ಲಿ ಬ್ಯಾಕ್ಟೀರಿಯಾ ಕರಗಿಸುವ ಲೈಸೊಜೈಮ್ ಎಂಬ ಕಿಣ್ವವನ್ನು ಗುರುತಿಸಿದ್ದರು. ಜೊಲ್ಲಿನಲ್ಲೂ ಕಣ್ಣೀರಿನಲ್ಲೂ ಅದು ಇದೆ. 1960ರ ದಶಕದಲ್ಲಿ ಇನ್ನೊಂದು ಕಾವಲುಗಾರ ಪತ್ತೆಯಾದ. ರಕ್ತದಲ್ಲಿ ಮುಖ್ಯವಾಗಿ ಕಾಣುವ ಪ್ರತಿಕಾಯ ಒಂದು ಬಗೆಯದಾದರೆ, ಜೊಲ್ಲಿನಲ್ಲೂ ಲೋಳೆಯಲ್ಲೂ ಕಾಣುವುದು ಐಜಿಎ ಎಂಬ ಬೇರೆ ಬಗೆಯದು ಎಂದು ಅಮೆರಿಕದ ಥಾಮಸ್ ಟೊಮಾಸಿ ಮತ್ತು ಸಂಗಡಿಗರು ತೋರಿಸಿದರು. ಅಂದರೆ ರಕ್ತಕ್ಕೊಂದು, ಲೋಳೆಪೊರೆಗೊಂದು ಎಂದು ದೇಹ ಎರಡು ಬೇರೆ ಬೇರೆ ಪಹರೆಗಳನ್ನು ಇಟ್ಟುಕೊಂಡಿದೆ. ಲೋಳೆಪೊರೆಯ ಪಹರೆ ಸಾಮಾನ್ಯವಾಗಿ ಕೊಲ್ಲಲು ಹೋಗುವುದಿಲ್ಲ. ರೋಗಾಣುಗಳು ಗೋಡೆಗೆ ಅಂಟದಂತೆ ಸುತ್ತಿ, ಜೊಲ್ಲಿನ ಜೊತೆ ಹೊಟ್ಟೆಗೆ ಕಳಿಸಿಬಿಡುತ್ತದೆ.

ಈ ಎರಡೂ ಪಹರೆಗಳಿಗೆ ಅಪ್ಪಣೆ ಕೊಡುವವು ಸಿಡಿ4 ಎಂಬ ಗುರುತುಳ್ಳ ಟಿ ಕೋಶಗಳು. ಅವುಗಳಲ್ಲೇ ಟಿಎಚ್17 ಎಂಬ ಒಂದು ಪಂಗಡ ಲೋಳೆಪೊರೆಯ ಹತ್ತಿರವೇ ನೆಲೆಸಿ, ಕ್ಯಾಂಡಿಡಾದಂಥ ಶಿಲೀಂಧ್ರಗಳನ್ನು ಹದ್ದುಬಸ್ತಿನಲ್ಲಿಡುತ್ತದೆ. ಟಿಎಚ್17 ಕೋಶಗಳು ಹುಟ್ಟಿನಿಂದಲೇ ಬೆಳೆಯದ ಅಪರೂಪದ ಕಾಯಿಲೆಯ ಮಕ್ಕಳಿಗೆ ಥ್ರಶ್ ಮತ್ತೆ ಮತ್ತೆ ಬರುತ್ತದೆ ಎಂದು 2008ರ ಹೊತ್ತಿಗೆ ಗೊತ್ತಾದಾಗ, ಪಿಂಪ್ರಿಯ ಕಾಲದಲ್ಲಿ ಉಳಿದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಆದರೆ ಅಷ್ಟರಲ್ಲಿ ಲಕ್ಷಾಂತರ ಜನರ ಗಂಟಲು ಆ ಉತ್ತರವನ್ನು ಆಗಲೇ ಹೇಳಿತ್ತು.

ಭೋಸರಿಯ ದಾಖಲೆ

1981ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆ ಲಾಸ್ ಏಂಜಲೀಸಿನ ಐವರು ಯುವಕರ ವಿಚಿತ್ರ ನ್ಯುಮೋನಿಯಾವನ್ನು ವರದಿ ಮಾಡಿತು. ಏಡ್ಸ್‌ನ ಮೊದಲ ವರದಿಯೆಂದು ಇಂದು ಎಲ್ಲರೂ ಹೇಳುವುದು ಅದನ್ನೇ. ಆ ಐವರಿಗೂ ಲೋಳೆಪೊರೆಯಲ್ಲಿ ಕ್ಯಾಂಡಿಡಾ ಸೋಂಕು ಇತ್ತು ಎಂಬ ಸಾಲೂ ಅದರಲ್ಲಿದೆ. ನ್ಯುಮೋನಿಯಾ ಸುದ್ದಿಯಾಯಿತು, ಬಾಯಿಯ ಬಿಳಿ ಪದರ ಅಷ್ಟಾಗಿ ಸುದ್ದಿಯಾಗಲಿಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನ ಡಾ. ಸುನೀತಿ ಸೋಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ನಡೆಸಿದ ಪರೀಕ್ಷೆಯಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪ್ರಯೋಗಾಲಯ ಅವರಿಗೆ ನೆರವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಲ್ಲಿ ಶುರು ಮಾಡಿದ ಎಚ್‌ಐವಿ ಸಮೀಕ್ಷೆಯಲ್ಲಿ ವೆಲ್ಲೂರಿನ ಜೊತೆ ಪುಣೆಯೂ ಇತ್ತು. 1952ರಿಂದ ವೈರಾಣುಗಳ ಅಧ್ಯಯನ ನಡೆಸುತ್ತಿದ್ದ ಸಂಸ್ಥೆ ಅಲ್ಲಿತ್ತು. 1992ರ ಅಕ್ಟೋಬರಿನಲ್ಲಿ ಅದೇ ಮಂಡಳಿ ಪುಣೆಯಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯನ್ನು ಹುಟ್ಟುಹಾಕಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ನಾರಿ ಎಂದಾದದ್ದು ಕಾಕತಾಳೀಯ. ಆದರೆ ಮುಂದೆ ಅಲ್ಲಿಂದ ಬಂದ ಒಂದು ಮುಖ್ಯ ಸಂಗತಿ ಹೆಂಗಸರದ್ದೇ ಆಯಿತು.

ಭೋಸರಿಯ ಕೈಗಾರಿಕಾ ವಸಾಹತಿನಲ್ಲಿರುವ ಈ ಸಂಸ್ಥೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ, 1993ರಿಂದ ಪುಣೆಯ ಗುಹ್ಯರೋಗ ಚಿಕಿತ್ಸಾಲಯಗಳಿಗೆ ಬರುವವರನ್ನು ಪರೀಕ್ಷಿಸಿ, ಮತ್ತೆ ಮತ್ತೆ ಕರೆದು ನೋಡತೊಡಗಿತು. ಜನನಾಂಗದಲ್ಲಿ ಹುಣ್ಣು ಇದ್ದವರಿಗೆ ಎಚ್‌ಐವಿ ತಗಲುವ ಅಪಾಯ ಹೆಚ್ಚು ಎಂಬುದು ಅಲ್ಲಿ ಸ್ಪಷ್ಟವಾಗಿ ಕಂಡಿತು. ಲೋಳೆಪೊರೆ ಒಡೆದಿದ್ದರೆ ವೈರಾಣುವಿಗೆ ಬಾಗಿಲು ತೆರೆದಂತೆ. ಹುಣ್ಣಿನ ಜಾಗಕ್ಕೆ ಬಂದು ಸೇರುವ ಸಿಡಿ4 ಕೋಶಗಳೇ ಆ ವೈರಾಣು ಹುಡುಕಿಕೊಂಡು ಬಂದ ಮನೆ.

1997ರಲ್ಲಿ ಡಾ. ರಾಮನ್ ಗಂಗಾಖೇಡ್ಕರ್ ಮತ್ತು ಸಂಗಡಿಗರು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ದೇಶದ ನಂಬಿಕೆಯೊಂದನ್ನು ಅಲುಗಿಸಿತು. ಆ ಚಿಕಿತ್ಸಾಲಯಗಳಿಗೆ ಬಂದ 916 ಹೆಂಗಸರಲ್ಲಿ 525 ಮಂದಿ ಲೈಂಗಿಕ ವೃತ್ತಿಯವರು, 391 ಮಂದಿ ಅಲ್ಲದವರು. ಮೊದಲ ಗುಂಪಿನ ಶೇ. 49.9ರಷ್ಟು ಮಂದಿಗೆ ಸೋಂಕಿತ್ತು. ಎರಡನೆಯ ಗುಂಪಿನಲ್ಲಿ ಹೆಚ್ಚಿನವರು ಗಂಡನನ್ನು ಬಿಟ್ಟು ಬೇರೆಯವರನ್ನು ಅರಿಯದವರು, ಆದರೂ ಶೇ. 13.6ರಷ್ಟು ಮಂದಿಗೆ ಸೋಂಕಿತ್ತು. ಏಡ್ಸ್ ಎಂದರೆ ದಾರಿ ತಪ್ಪಿದವರ ರೋಗ ಎಂದು ನಂಬಿದ್ದ ಸಮಾಜಕ್ಕೆ ಭೋಸರಿಯ ಅಂಕಿಗಳು ಬೇರೆಯದನ್ನೇ ಹೇಳಿದವು.

ಆ ಚಿತ್ರದಲ್ಲಿ ಕನ್ನಡದ ಬದುಕೂ ಇತ್ತು. ಪುಣೆ, ಸಾಂಗಲಿಗಳ ಕೆಂಪುದೀಪದ ಓಣಿಗಳಿಗೆ ಬೆಳಗಾವಿ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಹೆಂಗಸರು ಹೋಗುತ್ತಿದ್ದರು. ಕೆಲವರು ದೇವದಾಸಿ ಪದ್ಧತಿಗೆ ಸಿಕ್ಕವರು, ಕೆಲವರು ಬರಕ್ಕೆ, ಸಾಲಕ್ಕೆ ಸಿಕ್ಕವರು. ಕಬ್ಬು ಕಡಿಯಲು, ಕಟ್ಟಡ ಕಟ್ಟಲು ಗಂಡಸರು ಅದೇ ದಾರಿ ಹಿಡಿದಿದ್ದರು. ವೈರಾಣು ಹೋಗುವಾಗ ಒಬ್ಬರ ಜೊತೆ ಹೋದರೆ, ಬರುವಾಗ ಇನ್ನೊಬ್ಬರ ಜೊತೆ ಬಂತು. ಕರ್ನಾಟಕದ ಉತ್ತರದ ಜಿಲ್ಲೆಗಳಲ್ಲಿ ಸೋಂಕಿನ ಪ್ರಮಾಣ ರಾಜ್ಯದ ಬೇರೆ ಕಡೆಗಿಂತ ಹೆಚ್ಚಾಗಿ ಕಂಡದ್ದಕ್ಕೆ ಗಡಿಯ ಎರಡೂ ಬದಿಯ ಈ ಬದುಕು ಒಂದು ಕಾರಣ.

ಬಾಯಿ ತೆರೆದರೆ ಕಾಣುತ್ತಿದ್ದದ್ದು

1990ರ ದಶಕದಲ್ಲಿ ಸಿಡಿ4 ಕೋಶಗಳನ್ನು ಎಣಿಸುವ ಯಂತ್ರ ತಾಲ್ಲೂಕು ಆಸ್ಪತ್ರೆಗಳಲ್ಲಿ ಇರಲಿಲ್ಲ. ಅಂಥ ಕಡೆ ರೋಗ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ನಾಲ್ಕು ಹಂತಗಳ ಪಟ್ಟಿ ಕೊಟ್ಟಿತು. ಬಾಯಿಯೊಳಗೆ ಬಿಳಿ ಪದರ ಕಂಡರೆ ಮೂರನೆಯ ಹಂತ. ಅದು ಅನ್ನನಾಳಕ್ಕೆ ಇಳಿದಿದ್ದರೆ ನಾಲ್ಕನೆಯದು, ಅಂದರೆ ಏಡ್ಸ್. ಒಂದು ಟಾರ್ಚು, ಒಂದು ಕಟ್ಟಿಗೆ ಪಟ್ಟಿ, ಬಾಯಿ ತೆರೆಯುವ ರೋಗಿ ಇದ್ದರೆ ಸಾಕು. ಚೆನ್ನೈನ ರಾಗಸ್ ದಂತ ವೈದ್ಯಕೀಯ ಕಾಲೇಜಿನ ವೈದ್ಯರು 2000ದಲ್ಲಿ ದಕ್ಷಿಣ ಭಾರತದ 300 ರೋಗಿಗಳ ಬಾಯಿ ನೋಡಿ ಬರೆದಾಗಲೂ ಕ್ಯಾಂಡಿಡಾ ಸೋಂಕು ಅತಿ ಸಾಮಾನ್ಯವಾದವುಗಳ ಸಾಲಿನಲ್ಲೇ ಇತ್ತು.

ಆ ಬಿಳಿ ಪದರ ಗುರುತು ಮಾತ್ರವಲ್ಲ, ಸಂಕಟವೂ ಹೌದು. ಅನ್ನನಾಳಕ್ಕೆ ಇಳಿದರೆ ಒಂದು ತುತ್ತು ಗಂಜಿ ನುಂಗುವುದೂ ಕಷ್ಟ. ನುಂಗಲಾಗದವರು ಉಣ್ಣುವುದು ಬಿಡುತ್ತಾರೆ, ಉಣ್ಣದವರು ಸೊರಗುತ್ತಾರೆ, ಸೊರಗಿದವರನ್ನು ನೋಡಿ ಊರು ಮಾತಾಡಿಕೊಳ್ಳುತ್ತದೆ. ಪಿಂಪ್ರಿಯ ಮದ್ದಿನ ಬಳಗ ಬಾಯಿಗೆ ಹಚ್ಚಲು ಇತ್ತು, 1990ರ ದಶಕದಲ್ಲಿ ಫ್ಲುಕೊನಜೋಲ್ ಗುಳಿಗೆಯೂ ಬಂತು. ಪದರ ಹೋಗುತ್ತಿತ್ತು, ಕೆಲವು ವಾರಗಳಲ್ಲಿ ಮರಳಿ ಬರುತ್ತಿತ್ತು. ಕಾವಲು ಇಲ್ಲದ ಮನೆಯಿಂದ ಕಳ್ಳನನ್ನು ಎಷ್ಟು ಸಲ ಓಡಿಸಿದರೇನು?

ಆ ಕಾವಲು ಎಷ್ಟು ಬೇಗ ಕುಸಿಯುತ್ತದೆ ಎಂಬುದು ಆಮೇಲೆ ತಿಳಿಯಿತು. 1998ರಲ್ಲಿ ಕೋತಿಗಳ ಮೇಲೆ ನಡೆದ ಅಧ್ಯಯನ, ಎಚ್‌ಐವಿಯ ಸೋದರ ವೈರಾಣು ಸೋಂಕಿದ ಕೆಲವೇ ವಾರಗಳಲ್ಲಿ ಕರುಳಿನ ಲೋಳೆಪೊರೆಯ ಸಿಡಿ4 ಕೋಶಗಳು ಬಹುಪಾಲು ನಾಶವಾಗುತ್ತವೆ ಎಂದು ತೋರಿಸಿತು. 2004ರಲ್ಲಿ ಮನುಷ್ಯರಲ್ಲೂ ಅದೇ ಕಂಡಿತು. ರಕ್ತದಲ್ಲಿ ಆ ಕೋಶಗಳು ನಿಧಾನವಾಗಿ, ವರ್ಷಗಟ್ಟಲೆ ಕಡಿಮೆಯಾಗುತ್ತಾ ಹೋಗುತ್ತಿದ್ದರೆ, ಲೋಳೆಪೊರೆಯಲ್ಲಿ ದೊಡ್ಡ ಹಾನಿ ಆರಂಭದಲ್ಲೇ ಆಗಿಹೋಗಿರುತ್ತದೆ. 2006ರಲ್ಲಿ ಇನ್ನೊಂದು ಕೊಂಡಿ ಸೇರಿತು: ಸಡಿಲವಾದ ಕರುಳಿನ ಗೋಡೆಯಿಂದ ಬ್ಯಾಕ್ಟೀರಿಯಾಗಳ ತುಣುಕುಗಳು ರಕ್ತಕ್ಕೆ ಸೋರುತ್ತವೆ, ದೇಹ ಸದಾ ಉರಿಯುತ್ತಿರುವಂತೆ ಮಾಡುತ್ತವೆ, ಆ ಉರಿಯೇ ರೋಗವನ್ನು ಮುಂದೂಡುವ ಬದಲು ಮುನ್ನಡೆಸುತ್ತದೆ.

ನಿಜವಾದ ತಿರುವು ಬಂದದ್ದು ವೈರಾಣುವನ್ನೇ ಕಟ್ಟಿಹಾಕುವ ಔಷಧಗಳಿಂದ. ಮೂರು ಔಷಧಗಳನ್ನು ಸೇರಿಸಿ ಕೊಡುವ ಚಿಕಿತ್ಸೆ 1996ರಲ್ಲಿ ಬಂತು. 2001ರಲ್ಲಿ ಸಿಪ್ಲಾ ಕಂಪನಿ ಅದನ್ನು ವರ್ಷಕ್ಕೆ 350 ಡಾಲರಿಗೆ ಕೊಡುವುದಾಗಿ ಹೇಳಿ ಬೆಲೆಯ ಗೋಡೆ ಒಡೆಯಿತು. 2004ರ ಏಪ್ರಿಲ್ 1ರಿಂದ ಕೇಂದ್ರ ಸರಕಾರ ಕರ್ನಾಟಕ, ಮಹಾರಾಷ್ಟ್ರಗಳೂ ಸೇರಿ ಸೋಂಕು ಹೆಚ್ಚಿದ್ದ ಆರು ರಾಜ್ಯಗಳು ಮತ್ತು ದೆಹಲಿಯಲ್ಲಿ ಉಚಿತ ಚಿಕಿತ್ಸೆ ಆರಂಭಿಸಿತು. ಗುಳಿಗೆ ನುಂಗತೊಡಗಿದವರ ಬಾಯಿಯ ಬಿಳಿ ಪದರ ಶಿಲೀಂಧ್ರದ ಮದ್ದಿಲ್ಲದೆಯೂ ಮರಳಿ ಬರುವುದು ನಿಂತಿತು. ಕಾವಲು ಮರಳಿದರೆ ಗಂಟಲು ತನ್ನ ಮನೆಯನ್ನು ತಾನೇ ನೋಡಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನ್ಯುಮೋಕಾಕಸ್ ಕಲಿಸಿದ ಪಾಠ

ಆದರೆ ಪೂರ್ತಿ ಮರಳುವುದಿಲ್ಲ. ರಕ್ತದ ಲೆಕ್ಕ ಸುಧಾರಿಸಿದಷ್ಟು ಬೇಗ, ಅಷ್ಟು ಪೂರ್ಣವಾಗಿ ಲೋಳೆಪೊರೆ ಸುಧಾರಿಸದು. ಚಿಕಿತ್ಸೆಯಲ್ಲಿದ್ದು ಚೆನ್ನಾಗಿಯೇ ಇರುವವರಿಗೂ ನ್ಯುಮೋಕಾಕಸ್ ನ್ಯುಮೋನಿಯಾದ ಅಪಾಯ ಉಳಿದವರಿಗಿಂತ ಹೆಚ್ಚು. ಗಂಟಲಿನಲ್ಲಿ ತಂಗಿದ ಅದೇ ಬ್ಯಾಕ್ಟೀರಿಯಾ ಒಬ್ಬರಲ್ಲಿ ಬಂದಂತೆ ಹೋದರೆ, ಇನ್ನೊಬ್ಬರಲ್ಲಿ ಶ್ವಾಸಕೋಶಕ್ಕೂ ರಕ್ತಕ್ಕೂ ಇಳಿಯುತ್ತದೆ.

ಮೊದಲು ಹೊಳೆದ ದಾರಿ ಪಿಂಪ್ರಿಯದೇ: ಮದ್ದು. ಐವರಿ ಕೋಸ್ಟಿನ ಅಬಿಜಾನ್ ನಗರದಲ್ಲಿ ನಡೆದ ಪ್ರಯೋಗಗಳು 1999ರಲ್ಲಿ, ಅಗ್ಗದ ಕೋಟ್ರೈಮಾಕ್ಸಜೋಲ್ ಗುಳಿಗೆಯನ್ನು ದಿನವೂ ಕೊಟ್ಟರೆ ಎಚ್‌ಐವಿ ಇರುವವರಲ್ಲಿ ಕಾಯಿಲೆಗಳು ಕಡಿಮೆಯಾಗುತ್ತವೆ ಎಂದು ತೋರಿಸಿದವು. ಭಾರತದಲ್ಲೂ ಆ ಗುಳಿಗೆ ಎಷ್ಟೋ ಜೀವ ಉಳಿಸಿತು. ಆದರೆ ದಿನವೂ ಮದ್ದು ಕಾಣುವ ಗಂಟಲಿನಲ್ಲಿ ಆ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ಉಳಿದುಕೊಳ್ಳುತ್ತವೆ. ಕೊಲ್ಲುವ ದಾರಿಗೆ ಅದೇ ಕೊನೆ.

ಇನ್ನೊಂದು ದಾರಿ ಲಸಿಕೆ. ಉಗಾಂಡದಲ್ಲಿ ಎಚ್‌ಐವಿ ಇರುವ ವಯಸ್ಕರಿಗೆ ನ್ಯುಮೋಕಾಕಸ್‌ನ 23 ಬಗೆಗಳ ಸಕ್ಕರೆಯ ಹೊದಿಕೆಯಿಂದ ಮಾಡಿದ ಹಳೆಯ ಲಸಿಕೆ ಕೊಟ್ಟು ನೋಡಿದರು. 2000ದಲ್ಲಿ ಪ್ರಕಟವಾದ ಫಲಿತಾಂಶ ನಿರಾಸೆಯದು: ಲಸಿಕೆ ರಕ್ಷಣೆ ಕೊಡಲಿಲ್ಲ. ಬರೀ ಸಕ್ಕರೆಯ ಹೊದಿಕೆಯನ್ನು ತೋರಿಸಿದರೆ ಟಿ ಕೋಶಗಳು ಕಲಿಯುವುದಿಲ್ಲ, ನೆನಪು ಉಳಿಯುವುದಿಲ್ಲ. ಅದೇ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಬೆಸೆದರೆ ಟಿ ಕೋಶಗಳು ಪಾಠಕ್ಕೆ ಬರುತ್ತವೆ, ನೆನಪು ಉಳಿಯುತ್ತದೆ, ಮೂಗು ಗಂಟಲುಗಳಲ್ಲಿ ಬ್ಯಾಕ್ಟೀರಿಯಾ ನೆಲೆಯೂರುವುದೂ ಕಡಿಮೆಯಾಗುತ್ತದೆ. ಹೀಗೆ ಬೆಸೆದ 7 ಬಗೆಗಳ ಲಸಿಕೆಯನ್ನು ಮಲಾವಿಯಲ್ಲಿ, ಒಮ್ಮೆ ನ್ಯುಮೋಕಾಕಸ್ ಕಾಯಿಲೆಯಿಂದ ಚೇತರಿಸಿಕೊಂಡವರಿಗೆ ಕೊಟ್ಟಾಗ, ಆ ಬಗೆಗಳಿಂದ ಕಾಯಿಲೆ ಮರುಕಳಿಸುವುದು ಶೇ. 74ರಷ್ಟು ಇಳಿಯಿತು. ಇದು 2010ರ ವರದಿ. ಪ್ರಯೋಗದಲ್ಲಿದ್ದ ಬಹುಪಾಲು ಮಂದಿ ಎಚ್‌ಐವಿ ಇದ್ದವರು.

ಹಡಪ್ಸರ್ ಕಥೆಗೆ ಸೇರುವುದು ಇಲ್ಲಿ. 1966ರಲ್ಲಿ ಸೈರಸ್ ಪೂನಾವಾಲಾ ಸ್ಥಾಪಿಸಿದ ಸೀರಮ್ ಇನ್‌ಸ್ಟಿಟ್ಯೂಟ್ ಅಲ್ಲಿದೆ. ಬೆಸೆದ ಲಸಿಕೆ ಬಹುಕಾಲ ಹೊರದೇಶದ ಎರಡು ದೊಡ್ಡ ಕಂಪನಿಗಳ ಕೈಯಲ್ಲಿತ್ತು, ತುಂಬಾ ದುಬಾರಿಯಾಗಿತ್ತು. ಸೀರಮ್ ಇನ್‌ಸ್ಟಿಟ್ಯೂಟ್ ಪಾಥ್ ಸಂಸ್ಥೆಯ ಜೊತೆ ಸೇರಿ 10 ಬಗೆಗಳ ಲಸಿಕೆ ನ್ಯುಮೊಸಿಲ್ ತಯಾರಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮಾನ್ಯತೆ ಕೊಟ್ಟಿತು, ಮರುವರ್ಷದ ಕೊನೆಯಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಕೇಂದ್ರ ಸರಕಾರ 2017ರಿಂದ ಹಂತಹಂತವಾಗಿ ಮಕ್ಕಳಿಗೆ ನ್ಯುಮೋಕಾಕಸ್ ಲಸಿಕೆ ಕೊಡಲು ಶುರು ಮಾಡಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು.

ಮಕ್ಕಳಿಗೆ ಕೊಡುವ ಲಸಿಕೆಗೂ ಎಚ್‌ಐವಿ ಇರುವ ದೊಡ್ಡವರಿಗೂ ಏನು ಸಂಬಂಧ? ಅಮೆರಿಕದಲ್ಲಿ 2000ದಿಂದ ಮಕ್ಕಳಿಗೆ ಈ ಲಸಿಕೆ ಹಾಕತೊಡಗಿದ ಮೇಲೆ, ಲಸಿಕೆ ಹಾಕಿಸಿಕೊಳ್ಳದ, ಎಚ್‌ಐವಿ ಇರುವ ವಯಸ್ಕರಲ್ಲೂ ಆ ಬಗೆಗಳ ನ್ಯುಮೋಕಾಕಸ್ ಕಾಯಿಲೆ ಇಳಿಯಿತು. ಬೇರೆ ಬಗೆಗಳು ಕೊಂಚ ಏರಿದವು, ಆದರೂ ಒಟ್ಟು ಲಾಭ ಉಳಿಯಿತು. ನ್ಯುಮೋಕಾಕಸ್‌ನ ಮುಖ್ಯ ಬಿಡಾರ ಮಕ್ಕಳ ಮೂಗು ಗಂಟಲು. ಮೊಮ್ಮಗುವಿನ ಗಂಟಲು ಚೊಕ್ಕಟವಾದರೆ ಅದನ್ನು ಎತ್ತಿ ಆಡಿಸುವ ಅಜ್ಜಿಗೂ ಕಾವಲು ಸಿಗುತ್ತದೆ.

ಭಾರತದಲ್ಲಿ ಇಂದು ಸುಮಾರು 25 ಲಕ್ಷ ಜನ ಎಚ್‌ಐವಿ ಜೊತೆ ಬದುಕುತ್ತಿದ್ದಾರೆ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ, ಸಿಡಿ4 ಲೆಕ್ಕ ಕಾಯದೆ, ಚಿಕಿತ್ಸೆ ಕೊಡುವ ನೀತಿ ಇದೆ. ಅದೇ ವರ್ಷ ಬಂದ, 2018ರ ಸೆಪ್ಟೆಂಬರಿನಿಂದ ಜಾರಿಯಾದ ಕಾಯಿದೆ ಅವರ ಕೆಲಸ, ಶಾಲೆ, ಚಿಕಿತ್ಸೆಗಳಲ್ಲಿ ಭೇದ ಮಾಡುವುದನ್ನು ನಿಷೇಧಿಸಿದೆ. ದೊಡ್ಡವರ ನ್ಯುಮೋಕಾಕಸ್ ಲಸಿಕೆ ಮಾತ್ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದೊಳಗೆ ಬಂದಿಲ್ಲ. ನಾರಿಯ ಹೆಸರೂ ಈಚೆಗೆ ಬದಲಾಗಿ, ಏಡ್ಸ್ ಜೊತೆ ಬೇರೆ ವೈರಾಣುಗಳ ಅಧ್ಯಯನವೂ ಅದರ ಹೆಸರಿಗೆ ಸೇರಿದೆ.

ತಿರುಮಲಾಚಾರ್ 1999ರಲ್ಲಿ ತೀರಿಕೊಂಡರು. ಅವರ ಮದ್ದು ಕೊಂದ ಶಿಲೀಂಧ್ರ ಇಂದಿಗೂ ಕೋಟ್ಯಂತರ ಬಾಯಿಗಳಲ್ಲಿ ತನ್ನ ಪಾಡಿಗೆ ತಾನಿದೆ, ಅದರ ಪಕ್ಕದಲ್ಲೇ ಸ್ಟ್ರೆಪ್ಟೊಕಾಕಸ್‌ಗಳೂ ಇವೆ. ಗಂಟಲಿನ ಆರೋಗ್ಯವೆಂದರೆ ಅವು ಯಾವುವೂ ಇಲ್ಲದಿರುವುದಲ್ಲ, ಅವೆಲ್ಲ ತಮ್ಮ ತಮ್ಮ ಅಳತೆಯಲ್ಲಿ ಇರುವುದು. ಆ ಅಳತೆ ಕಾಯುವ ಕೋಶಗಳು ಉಳಿಯಬೇಕಾದರೆ ಎಚ್‌ಐವಿ ಇರುವವರಿಗೆ ದಿನದ ಗುಳಿಗೆ ತಪ್ಪಬಾರದು. ಗುಳಿಗೆ ತಪ್ಪದಿರಬೇಕಾದರೆ ಅದನ್ನು ಮನೆಯಲ್ಲಿ ಬಚ್ಚಿಟ್ಟು ನುಂಗುವ ಸ್ಥಿತಿ ಹೋಗಬೇಕು.